ಓದುಗರ ಪ್ರಶ್ನೆ: ದಡಕ್ಕೂ ದೋಣಿಗೂ ನಡುವಿನ ಕಡಲತಳ

ಕಳೆದ ಸಂಚಿಕೆಯಲ್ಲಿ ದಡದ ಹತ್ತಿರದ ಕಡಲತಳವನ್ನು ಸೋನಾರ್ (ನೀರಿನೊಳಗೆ ಶಬ್ದ ಬಿಟ್ಟು, ಅದರ ಮಾರ್ದನಿಯಿಂದ ಆಳ ಅಳೆಯುವ ಉಪಕರಣ) ಮತ್ತು ಡ್ರೋನ್ ಎರಡನ್ನೂ ಬಳಸಿ ನಕ್ಷೆ ಮಾಡುವ ಬಗ್ಗೆ ಒಂದು ಪುಟ ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಅವನ್ನು ಸೇರಿಸಿ ಒಂದು ಮಾಡಿದ್ದೇನೆ. ನಾನೂ ವರ್ಷಗಟ್ಟಲೆ ಈ ಕೆಲಸ ಮಾಡಿದವನು, ಹಾಗಾಗಿ ಕೆಲವು ಉತ್ತರ ಉದ್ದವಾಗಿವೆ.

ಗೂಗಲ್ ಅರ್ಥ್ ತೆಗೆದರೆ ಸಮುದ್ರದ ತಳ ಆಗಲೇ ಕಾಣುತ್ತದೆ. ಗುಡ್ಡ, ಕಣಿವೆ ಎಲ್ಲ ಇವೆ. ಮತ್ತೆ ದೋಣಿ, ಡ್ರೋನ್ ಅಂತ ಯಾಕಿಷ್ಟು ಕಷ್ಟ? (ಹೈಸ್ಕೂಲಿನ ಭೂಗೋಳ ಮೇಷ್ಟ್ರೊಬ್ಬರು)

ಮೇಷ್ಟ್ರೇ, ಅಲ್ಲಿ ಕಾಣುವ ನೀಲಿ ಗುಡ್ಡಗಳಲ್ಲಿ ಹೆಚ್ಚಿನವನ್ನು ಯಾರೂ ನೇರವಾಗಿ ಅಳೆದಿಲ್ಲ. ಅದು ಅಂದಾಜು. ಅಂದಾಜು ಮಾಡಿದ ದಾರಿ ಮಾತ್ರ ತುಂಬ ಸೊಗಸಾಗಿದೆ. ನೀರಿನಡಿ ದೊಡ್ಡ ಬೆಟ್ಟವಿದ್ದರೆ ಅದರ ಗುರುತ್ವ ಸುತ್ತಲಿನ ನೀರನ್ನು ಸ್ವಲ್ಪ ತನ್ನ ಕಡೆ ಎಳೆದುಕೊಳ್ಳುತ್ತದೆ, ಅದರಿಂದ ಬೆಟ್ಟದ ನೆತ್ತಿಯ ಮೇಲೆ ಸಮುದ್ರದ ಮೈ ಕೊಂಚ ಉಬ್ಬಿರುತ್ತದೆ. ಉಪಗ್ರಹದ ರೇಡಾರ್ ಆ ಉಬ್ಬನ್ನು ಅಳೆಯುತ್ತದೆ, ಕೆಳಗೆ ಏನಿರಬಹುದು ಅಂತ ಲೆಕ್ಕ ಹಾಕುತ್ತಾರೆ. ಈ ದಾರಿಯಲ್ಲಿ ಕೆಲವು ಕಿಲೋಮೀಟರ್ ಅಗಲದ ಬೆಟ್ಟ ಸಿಗುತ್ತದೆ. ದೋಣಿಯ ತಳ ಸೀಳುವ ಬಂಡೆ ಸಿಗುವುದಿಲ್ಲ.

ಇದರ ಬೆಲೆ ಎಷ್ಟು ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 2005ರ ಜನವರಿ 8ರಂದು ಅಮೆರಿಕದ ನೌಕಾಪಡೆಯ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಸಬ್‌ಮರೀನ್ ಪೆಸಿಫಿಕ್‌ನಲ್ಲಿ, ಗ್ವಾಮ್ ದ್ವೀಪದ ಆಗ್ನೇಯಕ್ಕೆ, ಪೂರ್ತಿ ವೇಗದಲ್ಲಿ ಹೋಗುತ್ತಾ ನೀರಿನಡಿಯ ಬೆಟ್ಟಕ್ಕೆ ಗುದ್ದಿತು. ಒಬ್ಬ ನಾವಿಕ ತೀರಿಕೊಂಡ, ಹತ್ತಾರು ಜನರಿಗೆ ಗಾಯವಾಯಿತು. ಅವರು ಆಗ ಬಳಸುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟ ಇರಲಿಲ್ಲ.

ಇಡೀ ಸಮುದ್ರತಳವನ್ನು ನಿಜವಾಗಿ ಅಳೆದು ಮುಗಿಸಬೇಕು ಅಂತ 2017ರಲ್ಲಿ ಸೀಬೆಡ್ 2030 ಅನ್ನುವ ಅಂತರರಾಷ್ಟ್ರೀಯ ಯೋಜನೆ ಶುರುವಾಯಿತು. ಆಗ ಅಳೆದಿದ್ದದ್ದು ಶೇಕಡಾ 6 ಮಾತ್ರ. 2025ರ ಮಧ್ಯದ ಹೊತ್ತಿಗೆ ಶೇಕಡಾ 27 ದಾಟಿತ್ತು. ರೇಡಾರ್ ಅಲೆ ಉಪ್ಪುನೀರಿನೊಳಗೆ ಹೋಗುವುದೇ ಇಲ್ಲ, ಬೆಳಕು ಹೋದರೂ ಕೆಲವು ಹತ್ತು ಮೀಟರ್‌ಗಳಲ್ಲಿ ಸುಸ್ತಾಗುತ್ತದೆ, ದೂರ ಹೋಗಿ ವಾಪಸ್ ಬರುವುದು ಶಬ್ದ ಒಂದೇ. ಹಾಗಾಗಿ ಆಳ ಸಮುದ್ರದಲ್ಲಿ ಸೋನಾರ್ ಬಿಟ್ಟರೆ ಬೇರೆ ಗತಿ ಇಲ್ಲ.

ದಡದ ಹತ್ತಿರದ ಕಥೆಯೇ ಬೇರೆ. ಅಳತೆಯ ಹಡಗು ತಳ ತಾಗುತ್ತದೆ ಅನ್ನುವ ಭಯಕ್ಕೆ ಹತ್ತಿರ ಬರುವುದಿಲ್ಲ. ನೆಲ ಅಳೆಯುವವರು ನೀರು ಕಂಡ ಕೂಡಲೇ ನಿಲ್ಲುತ್ತಾರೆ. ಇಬ್ಬರ ನಡುವೆ ಒಂದು ಪಟ್ಟಿ ಹಾಗೇ ಉಳಿದುಬಿಡುತ್ತದೆ. ನಕ್ಷೆಯಲ್ಲಿ ಅದು ಖಾಲಿ ಕಾಣುವುದರಿಂದ ಈ ಕೆಲಸದವರು ಅದನ್ನು ಬಿಳಿ ಪಟ್ಟಿ ಅಂತಲೇ ಕರೆಯುತ್ತಾರೆ. ಅಲೆ ಒಡೆಯುವುದು, ಮರಳು ಕೊಚ್ಚಿಹೋಗುವುದು, ಮೀನು ಮರಿ ಮಾಡುವುದು, ಜನ ಮುಳುಗುವುದು ಎಲ್ಲ ಅಲ್ಲೇ. ಆ ಪಟ್ಟಿಯನ್ನು ತುಂಬುವುದಕ್ಕೇ ನಾನು ಸೋನಾರ್ ಮತ್ತು ಡ್ರೋನ್ ಎರಡೂ ಬೇಕು ಅಂದಿದ್ದು.

ಶಬ್ದ ಹೋಗಿ ಬರಲು ಹಿಡಿದ ಸಮಯದಲ್ಲಿ ಅರ್ಧ ತೆಗೆದುಕೊಂಡು ವೇಗದಿಂದ ಗುಣಿಸಿದರೆ ಆಳ ಸಿಕ್ಕಿತು. ಇದರಲ್ಲಿ ಕಷ್ಟ ಏನಿದೆ? (ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಸೂತ್ರ ಅಷ್ಟೇ, ನಿಜ. ಉಪ್ಪುನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಮಾರ್ದನಿ 40 ಮಿಲಿಸೆಕೆಂಡಿಗೆ ವಾಪಸ್ ಬಂದರೆ ಆಳ 30 ಮೀಟರ್. ಕಷ್ಟ ಇರುವುದು ಆ "ಸುಮಾರು" ಅನ್ನುವ ಮಾತಿನಲ್ಲಿ.

ನೀರು ಒಂದು ಡಿಗ್ರಿ ಬೆಚ್ಚಗಾದರೆ ಶಬ್ದದ ವೇಗ ಮೂರು ನಾಲ್ಕು ಮೀಟರ್ ಏರುತ್ತದೆ. ಉಪ್ಪು ಜಾಸ್ತಿಯಾದರೂ ಏರುತ್ತದೆ, ಆಳಕ್ಕೆ ಹೋದಂತೆ ಒತ್ತಡದಿಂದಲೂ ಏರುತ್ತದೆ. ನೇರ ಕೆಳಗೆ ಒಂದೇ ಕಿರಣ ಬಿಡುವ ಸೋನಾರ್ ಆದರೆ ಇದರಿಂದ ಆಳದಲ್ಲಿ ಸ್ವಲ್ಪ ತಪ್ಪು ಬರುತ್ತದೆ, ಅಷ್ಟೇ. ಈಗ ಎಲ್ಲರೂ ಬಳಸುವುದು ಮಲ್ಟಿಬೀಮ್. ಅದು ಬೀಸಣಿಗೆ ಬಿಚ್ಚಿದ ಹಾಗೆ ಒಂದೇ ಸಲಕ್ಕೆ ಎಡಕ್ಕೂ ಬಲಕ್ಕೂ ನೂರಾರು ಕಿರಣಗಳಲ್ಲಿ ಆಳ ಅಳೆಯುತ್ತದೆ. ಅಂಚಿನ ಕಿರಣಗಳು ಓರೆಯಾಗಿ ಹೋಗುವುದರಿಂದ ಬಿಸಿನೀರಿನ ಪದರ ದಾಟಿ ತಣ್ಣನೆಯ ಪದರಕ್ಕೆ ಇಳಿಯುವಾಗ ಬಾಗುತ್ತವೆ. ಆ ಬಾಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸಪಾಟಾದ ಮರಳು ತಳವೂ ನಕ್ಷೆಯಲ್ಲಿ ಅಂಚುಗಳಲ್ಲಿ ಮೇಲಕ್ಕೆ ಬಾಗಿದ ನಗುಮುಖದ ಹಾಗೆ, ಇಲ್ಲವೇ ಕೆಳಕ್ಕೆ ಬಾಗಿದ ಸಪ್ಪೆಮುಖದ ಹಾಗೆ ಕಾಣುತ್ತದೆ. ಇದನ್ನು ತಪ್ಪಿಸಲು ಆಗಾಗ ದೋಣಿ ನಿಲ್ಲಿಸಿ, ಶಬ್ದದ ವೇಗ ಅಳೆಯುವ ಪುಟ್ಟ ಉಪಕರಣವನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸಿ ಎತ್ತುತ್ತಾರೆ. ನದಿ ಸಮುದ್ರ ಸೇರುವ ಕಡೆ ಇದನ್ನು ಗಂಟೆಗೊಮ್ಮೆಯಾದರೂ ಮಾಡಬೇಕು. ಅಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ ಪದರ ಕಟ್ಟಿಕೊಂಡಿರುತ್ತದೆ, ಆ ಪದರ ಉಬ್ಬರದ ಜೊತೆ ಜಾಗ ಬದಲಿಸುತ್ತಾ ಇರುತ್ತದೆ. ಒಮ್ಮೆ ನಾವು ಬೆಳಗ್ಗೆ ಒಂದೇ ಸಲ ಇಳಿಸಿ ಇಡೀ ದಿನ ಅದೇ ಅಳತೆ ನಂಬಿದೆವು. ಮಧ್ಯಾಹ್ನದ ಮೇಲಿನ ಕೆಲಸವೆಲ್ಲ ಮತ್ತೆ ಮಾಡಬೇಕಾಯಿತು.

ಎರಡನೆಯದು ದೋಣಿಯ ಓಲಾಟ. ದೋಣಿ ಎಡಬಲಕ್ಕೆ ವಾಲುತ್ತದೆ, ಹಿಂದೆಮುಂದೆ ತೂಗುತ್ತದೆ, ಮೇಲೆಕೆಳಗೆ ಏಳುತ್ತದೆ. ಸೆಕೆಂಡಿಗೆ ಎಷ್ಟೋ ಸಲ ಇದನ್ನೆಲ್ಲ ಅಳೆಯುವ ಸೆನ್ಸರ್ ದೋಣಿಯಲ್ಲಿ ಇರುತ್ತದೆ. ಅದನ್ನು ಕೂರಿಸುವಾಗ ಬರೀ ಒಂದು ಡಿಗ್ರಿ ಓರೆಯಾದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ ನೋಡಿ: 20 ಮೀಟರ್ ಆಳದಲ್ಲಿ, 60 ಡಿಗ್ರಿ ಓರೆಯಾಗಿ ಹೋದ ಕಿರಣದಲ್ಲಿ ಆಳದ ತಪ್ಪು ಸುಮಾರು 60 ಸೆಂಟಿಮೀಟರ್. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಒಂದೇ ಸಾಲಿನಲ್ಲಿ ಹೋಗಿ, ಅದೇ ಸಾಲಿನಲ್ಲಿ ತಿರುಗಿ ಬಂದು, ಎರಡೂ ಒಂದಕ್ಕೊಂದು ಕೂಡುತ್ತವೆಯೇ ಅಂತ ನೋಡುತ್ತಾರೆ.

ಮೂರನೆಯದೇ ದಡದ ಹತ್ತಿರದ ನಿಜವಾದ ಸಮಸ್ಯೆ. ಮಲ್ಟಿಬೀಮ್ ಒಂದು ಸಲಕ್ಕೆ ನೋಡುವ ಅಗಲ ಸಾಮಾನ್ಯವಾಗಿ ನೀರಿನ ಆಳದ ಮೂರು ನಾಲ್ಕು ಪಟ್ಟು. ನೂರು ಮೀಟರ್ ಆಳದಲ್ಲಿ ಒಂದು ಸಾಲು ಹೊಡೆದರೆ ಮುನ್ನೂರು ಮೀಟರ್ ಅಗಲದ ತಳ ಕೈಗೆ ಬರುತ್ತದೆ. ಮೂರು ಮೀಟರ್ ಆಳದಲ್ಲಿ? ಬರೀ ಹತ್ತು ಮೀಟರ್. ಅಂದರೆ ಒಂದು ಕಿಲೋಮೀಟರ್ ಅಗಲದ ಜಾಗಕ್ಕೆ ನೂರಕ್ಕೂ ಜಾಸ್ತಿ ಸಾಲು, ಅದೂ ಅಲೆಗಳ ನಡುವೆ, ಬಂಡೆ ಎಲ್ಲಿದೆ ಅಂತ ಗೊತ್ತಿಲ್ಲದೆ. ನೀರು ತೆಳುವಾದಷ್ಟೂ ಸೋನಾರ್‌ನ ಕೆಲಸ ನಿಧಾನ, ಅಪಾಯ ಜಾಸ್ತಿ. ಡ್ರೋನ್‌ಗೆ ಇದರ ಪೂರ್ತಿ ಉಲ್ಟಾ.

ಡ್ರೋನ್ ಆಕಾಶದಿಂದ ಫೋಟೋ ತೆಗೆಯುತ್ತದೆ. ಫೋಟೋದಿಂದ ನೀರಿನ ಆಳ ಹೇಗೆ ಗೊತ್ತಾಗುತ್ತದೆ? (ಹವ್ಯಾಸಿ ಡ್ರೋನ್ ಛಾಯಾಗ್ರಾಹಕ)

ನಮ್ಮ ಎರಡು ಕಣ್ಣು ದೂರ ಅಂದಾಜು ಮಾಡುವ ಹಾಗೆಯೇ. ಡ್ರೋನ್ ಸಾಲು ಸಾಲಾಗಿ ಹಾರುತ್ತಾ, ಒಂದು ಫೋಟೋದ ಶೇಕಡಾ 70-80 ಭಾಗ ಮುಂದಿನದರಲ್ಲೂ ಬರುವಷ್ಟು ಹತ್ತಿರ ಹತ್ತಿರ ಫೋಟೋ ತೆಗೆಯುತ್ತದೆ. ಒಂದೇ ಕಲ್ಲು ಬೇರೆ ಬೇರೆ ಕೋನದಿಂದ ಹತ್ತಾರು ಫೋಟೋಗಳಲ್ಲಿ ಇರುತ್ತದೆ. ಸಾಫ್ಟ್‌ವೇರ್ ಆ ಕಲ್ಲನ್ನು ಎಲ್ಲದರಲ್ಲೂ ಗುರುತಿಸಿ, ಅದು ಎಲ್ಲಿ ಎಷ್ಟು ಎತ್ತರದಲ್ಲಿ ಇರಬೇಕು ಅಂತ ಲೆಕ್ಕ ಹಾಕುತ್ತದೆ. ಒಣ ನೆಲದಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ನೀರಿನಲ್ಲಿ ಮೊದಲ ತೊಂದರೆ ವಕ್ರೀಭವನ. ಲೋಟದಲ್ಲಿ ಚಮಚ ಮುರಿದ ಹಾಗೆ ಕಾಣುತ್ತದಲ್ಲ, ಅದೇ. ನೇರ ಮೇಲಿನಿಂದ ನೋಡಿದರೂ ತಳ ಇರುವುದಕ್ಕಿಂತ ಮೇಲೆ ಬಂದ ಹಾಗೆ ಕಾಣುತ್ತದೆ, ನಿಜವಾದ ಆಳದ ಸುಮಾರು ಮುಕ್ಕಾಲು ಭಾಗ ಮಾತ್ರ. ಹಾಗಾಗಿ ಸಾಫ್ಟ್‌ವೇರ್ ಒಂದೂವರೆ ಮೀಟರ್ ಅಂದರೆ ಅದನ್ನು 1.34ರಿಂದ ಗುಣಿಸಬೇಕು, ಎರಡು ಮೀಟರ್ ಆಗುತ್ತದೆ. ಓರೆಯಾಗಿ ತೆಗೆದ ಫೋಟೋಗಳಲ್ಲಿ ತಿದ್ದುಪಡಿ ಇನ್ನೂ ದೊಡ್ಡದು, ಪ್ರತಿ ಕ್ಯಾಮೆರಾ ಕೋನಕ್ಕೂ ಬೇರೆ ಬೇರೆ ಲೆಕ್ಕ ಮಾಡುವ ವಿಧಾನಗಳಿವೆ. ಈ ತಿದ್ದುಪಡಿ ಮಾಡದ ನಕ್ಷೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬಣ್ಣ ಬಳಿದು ಚೆಂದ ಕಾಣುತ್ತವೆ, ಆಳ ಮಾತ್ರ ಕಾಲುಭಾಗ ತಪ್ಪು. ಈಜುವ ಮಕ್ಕಳಿಗೆ ಒಂದೂವರೆ ಮೀಟರ್ ಅಂತ ತೋರಿಸಿ ಅಲ್ಲಿ ಎರಡು ಮೀಟರ್ ಇದ್ದರೆ? ಯೋಚಿಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನೆಯದು ನೀರಿನ ತಿಳಿ. 1865ರಲ್ಲಿ ಇಟಲಿಯ ಪಾದ್ರಿ ಮತ್ತು ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಒಂದು ಬಿಳಿ ತಟ್ಟೆಯನ್ನು ಹಗ್ಗದಲ್ಲಿ ಸಮುದ್ರಕ್ಕೆ ಇಳಿಸಿ, ಅದು ಎಷ್ಟು ಆಳಕ್ಕೆ ಹೋದಾಗ ಕಣ್ಣಿಗೆ ಕಾಣದಾಗುತ್ತದೆ ಅಂತ ಬರೆದಿಟ್ಟರು. ನೂರಾ ಅರವತ್ತು ವರ್ಷ ಆಯಿತು, ಇವತ್ತಿಗೂ ಡ್ರೋನ್ ಹಾರಿಸುವ ಮೊದಲು ನಾನು ಮಾಡುವ ಕೆಲಸ ಇದೇ. ತಟ್ಟೆ ಒಂದು ಮೀಟರ್‌ಗೇ ಮಾಯವಾದರೆ ಆವತ್ತು ನೀರಿನೊಳಗಿನ ಫೋಟೋ ಆಸೆ ಬಿಡಬೇಕು. ತುಂಬ ತಿಳಿನೀರಲ್ಲಿ ಐದು ಹತ್ತು ಮೀಟರ್‌ವರೆಗೂ ಚೆನ್ನಾಗಿ ಸಿಗುತ್ತದೆ.

ನೀವು ಹಾರಿಸುವವರು ಅಂದಿದ್ದಕ್ಕೆ ಕೆಲವು ಮಾತು. ನಡುಮಧ್ಯಾಹ್ನ ಹಾರಿಸಬೇಡಿ, ಸೂರ್ಯ ನೀರಿನ ಮೇಲೆ ಫಳಫಳ ಹೊಳೆದು ತಳ ಮುಚ್ಚಿಹೋಗುತ್ತದೆ. ಬೆಳಗಿನ ಹೊತ್ತು ಅಥವಾ ತೆಳು ಮೋಡ ಕವಿದ ದಿನ ಒಳ್ಳೆಯದು. ಗಾಳಿ ಇಲ್ಲದಾಗ ಹಾರಿಸಿ. ಅಲೆಗಳ ಬೆನ್ನು ಮಸೂರದ ಹಾಗೆ ಬೆಳಕನ್ನು ಕೂಡಿಸಿ ತಳದ ಮೇಲೆ ಬಲೆಯಂಥ ಬೆಳಕಿನ ಗೆರೆ ಮೂಡಿಸುತ್ತವೆ, ಆ ಗೆರೆಗಳು ಓಡಾಡುವುದರಿಂದ ಸಾಫ್ಟ್‌ವೇರ್‌ಗೆ ಗೊಂದಲವಾಗುತ್ತದೆ. ಬರೀ ಮರಳಿನ ತಳದಲ್ಲಿ ಗುರುತು ಹಿಡಿಯಲು ಏನೂ ಇಲ್ಲದೆ ಫೋಟೋಗಳು ಕೂಡುವುದೇ ಇಲ್ಲ. ಕಲ್ಲು, ಹವಳ, ಕಡಲಹುಲ್ಲು ಇದ್ದರೆ ಕೂಡುತ್ತವೆ. ಮತ್ತೆ, ಹಾರಿಸುವ ಜಾಗಕ್ಕೆ ಅನುಮತಿ ಬೇಕೇ ಅಂತ ಮೊದಲೇ ವಿಚಾರಿಸಿಕೊಳ್ಳಿ. ಕರಾವಳಿಯಲ್ಲಿ ಬಂದರು, ನೌಕಾನೆಲೆ, ವಿಮಾನ ನಿಲ್ದಾಣ ಅಂತ ನಿಷೇಧದ ಜಾಗಗಳು ಜಾಸ್ತಿ.

ಕ್ಯಾಮೆರಾ ಬದಲು ಹಸಿರು ಲೇಸರ್ ಇಟ್ಟ ಲೈಡಾರ್ ಅನ್ನುವ ಉಪಕರಣ ಕೂಡ ಇದೆ, ಬೆಳಕು ಹೋಗಿ ಬರುವ ಸಮಯದಿಂದ ದೂರ ಅಳೆಯುವಂಥದ್ದು. ಅದರ ಬೆಳಕು 532 ನ್ಯಾನೋಮೀಟರ್‌ನದು, ಅದು ನೀರಿನೊಳಗೆ ಇಳಿದು ತಳ ಮುಟ್ಟಿ ಬರುತ್ತದೆ. ದೊಡ್ಡ ಉಪಕರಣಗಳಲ್ಲಿ ಜೊತೆಗೊಂದು ಅವಗೆಂಪು ಲೇಸರ್ ಇರುತ್ತದೆ, ಅದು ನೀರಿನ ಮೇಲ್ಮೈಯಿಂದಲೇ ವಾಪಸ್ ಬರುತ್ತದೆ, ಎರಡರ ನಡುವಿನ ಸಮಯದಲ್ಲಿ ಆಳ ಸಿಗುತ್ತದೆ. ಸೆಕ್ಕಿ ತಟ್ಟೆ ಕಾಣದಾಗುವ ಆಳದ ಎರಡು ಮೂರು ಪಟ್ಟು ಇದು ಇಳಿಯಬಲ್ಲದು. ಮರಳಾದರೂ ನಡೆಯುತ್ತದೆ. ರಾಡಿ ನೀರಲ್ಲಿ ಮಾತ್ರ ಇದಕ್ಕೂ ಕಣ್ಣು ಕಾಣುವುದಿಲ್ಲ.

ಅಲೆ ಒಡೆದು ನೊರೆ ಏಳುವ ಜಾಗದಲ್ಲಿ ಏನು ಮಾಡುತ್ತೀರಿ? ಅಲ್ಲಿ ದೋಣಿಯೂ ಹೋಗಲ್ಲ, ತಳವೂ ಕಾಣಲ್ಲ.

ಒಂದೇ ಸಾಲಿನ ಪ್ರಶ್ನೆ, ನನಗೆ ಬಂದ ಪತ್ರಗಳಲ್ಲಿ ಅತ್ಯಂತ ಒಳ್ಳೆಯದು. ನೊರೆ ಅಂದರೆ ಗಾಳಿಗುಳ್ಳೆ. ಗುಳ್ಳೆಗಳು ಸೋನಾರ್‌ನ ಶಬ್ದವನ್ನೂ ನುಂಗುತ್ತವೆ, ಲೇಸರ್ ಬೆಳಕನ್ನೂ ಚದುರಿಸುತ್ತವೆ. ಎರಡೂ ಸೋಲುವ ಜಾಗ ಅದು.

ಅಲ್ಲಿ ಅಲೆಯನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಅಲೆ ದಡಕ್ಕೆ ಬರುತ್ತಾ ಬರುತ್ತಾ ನಿಧಾನವಾಗುವುದನ್ನು ನೀವೂ ನೋಡಿರುತ್ತೀರಿ. ಆಳವಿಲ್ಲದ ನೀರಲ್ಲಿ ಅಲೆಯ ವೇಗವನ್ನು ನಿರ್ಧರಿಸುವುದು ಆಳ ಮಾತ್ರ ಅಂದರೂ ನಡೆಯುತ್ತದೆ: ಗುರುತ್ವದ ವೇಗೋತ್ಕರ್ಷವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ. ನಾಲ್ಕು ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 6.3 ಮೀಟರ್, ಒಂದು ಮೀಟರ್ ಆಳದಲ್ಲಿ 3.1 ಮೀಟರ್. ಡ್ರೋನನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ವಿಡಿಯೋ ತೆಗೆದು, ಒಂದೊಂದು ಅಲೆಯ ತುದಿ ಎಷ್ಟು ವೇಗದಲ್ಲಿ ಸಾಗಿತು ಅಂತ ಕಂಪ್ಯೂಟರ್‌ನಲ್ಲಿ ಅಳೆದರೆ, ಉಲ್ಟಾ ಲೆಕ್ಕದಲ್ಲಿ ಆಳ ಬರುತ್ತದೆ. ನೀರು ಎಷ್ಟೇ ರಾಡಿಯಾಗಿದ್ದರೂ ಪರವಾಗಿಲ್ಲ, ತಳ ಕಾಣಲೇಬೇಕಿಲ್ಲ. ಈ ಯೋಚನೆ ಹೊಸದಲ್ಲ, ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ದಡದಲ್ಲಿ ಸೈನ್ಯ ಇಳಿಸುವ ಮೊದಲು ವಿಮಾನದಿಂದ ತೆಗೆದ ಅಲೆಗಳ ಫೋಟೋ ನೋಡಿ ಆಳ ಅಂದಾಜು ಮಾಡುತ್ತಿದ್ದರು. ಸೋನಾರ್‌ನಷ್ಟು ಖಚಿತ ಅಲ್ಲ, ಕೆಲವು ಸಲ ಅರ್ಧ ಮೀಟರ್‌ವರೆಗೂ ತಪ್ಪು ಬರುತ್ತದೆ. ಆದರೂ ಏನೂ ಇಲ್ಲದ ಕಡೆ ಮರಳು ದಿಬ್ಬ ಎಲ್ಲಿದೆ, ಜನರನ್ನು ಒಳಗೆಳೆಯುವ ಕಾಲುವೆ ಎಲ್ಲಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಡ್ರೋನ್‌ನ ಅತ್ಯುತ್ತಮ ಉಪಯೋಗ ಇದೇ.

ನಮ್ಮ ತಂಡದ ಡ್ರೋನ್ ನಕ್ಷೆಯೂ ಸೋನಾರ್ ನಕ್ಷೆಯೂ ಕೂಡುತ್ತಿಲ್ಲ. ಎರಡರ ನಡುವೆ ಮೆಟ್ಟಿಲು ಬಂದಿದೆ. ಯಾವುದನ್ನು ನಂಬಬೇಕು? (ಸ್ನಾತಕೋತ್ತರ ವಿದ್ಯಾರ್ಥಿ)

ಬಹುಶಃ ಎರಡೂ ಸರಿ ಇವೆ. ಎರಡೂ ಅಳೆಯಲು ಶುರು ಮಾಡುವ ಸೊನ್ನೆ ಬೇರೆ ಬೇರೆ ಆಗಿದೆ.

ನನಗೂ ಹೀಗೇ ಆಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಡದ ಉದ್ದಕ್ಕೂ ಒಂದು ಮೀಟರ್‌ಗೂ ಜಾಸ್ತಿ ಎತ್ತರದ ಗೋಡೆ ನಕ್ಷೆಯಲ್ಲಿ ಎದ್ದು ನಿಂತಿತ್ತು. ಎರಡು ದಿನ ಸೋನಾರ್ ಬಿಚ್ಚಿ ನೋಡಿದೆವು, ಕ್ಯಾಮೆರಾ ಬದಲಿಸಿದೆವು. ಉಪಕರಣಗಳಲ್ಲಿ ಏನೂ ದೋಷ ಇರಲಿಲ್ಲ.

ನೆಲದ ನಕ್ಷೆಗಳು ಎತ್ತರ ಅಳೆಯುವುದು ಸರಾಸರಿ ಸಮುದ್ರಮಟ್ಟದಿಂದ. ನಾವಿಕರ ನಕ್ಷೆಗಳು ಆಳ ಅಳೆಯುವುದು ಹೆಚ್ಚು ಕಡಿಮೆ ಅತಿ ಕೆಳಗಿನ ಇಳಿತದ ಮಟ್ಟದಿಂದ. ನೀರು ಎಷ್ಟೇ ಇಳಿದರೂ ನಕ್ಷೆಯಲ್ಲಿ ಬರೆದಷ್ಟು ನೀರು ಇದ್ದೇ ಇರಬೇಕು, ಹಡಗು ಕೂರಬಾರದು ಅಂತ ಹಾಗೆ ಇಟ್ಟುಕೊಂಡಿದ್ದಾರೆ. ಉಬ್ಬರ ಇಳಿತ ಕಡಿಮೆ ಇರುವ ಕಡೆ ಈ ಎರಡು ಸೊನ್ನೆಗಳ ನಡುವೆ ಅರ್ಧ ಮೀಟರ್ ಇರಬಹುದು. ಕೆನಡಾದ ಬೇ ಆಫ್ ಫಂಡಿಯಲ್ಲಿ ಉಬ್ಬರ ಇಳಿತದ ಅಂತರವೇ 16 ಮೀಟರ್ ಮುಟ್ಟುತ್ತದೆ, ಅಲ್ಲಿ ಇದು ಹಲವು ಮೀಟರ್. ಇನ್ನು ಡ್ರೋನ್‌ನ ಜಿಪಿಎಸ್ ಇದೆಯಲ್ಲ, ಅದಕ್ಕೆ ಸಮುದ್ರಮಟ್ಟ ಅನ್ನುವುದೇ ಗೊತ್ತಿಲ್ಲ. ಭೂಮಿಯನ್ನು ನುಣುಪಾದ ಮೊಟ್ಟೆಯ ಹಾಗೆ ಅಂದುಕೊಂಡು ಅದರ ಮೈಯಿಂದ ಅಳೆಯುತ್ತದೆ. ಆ ಮೈಗೂ ನಿಜವಾದ ಸಮುದ್ರಮಟ್ಟಕ್ಕೂ ಇರುವ ವ್ಯತ್ಯಾಸ ಜಾಗದಿಂದ ಜಾಗಕ್ಕೆ ಬೇರೆ. ಹಿಂದೂ ಮಹಾಸಾಗರದಲ್ಲಿ ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರಮಟ್ಟ ಅದಕ್ಕಿಂತ ನೂರು ಮೀಟರ್‌ಗೂ ಜಾಸ್ತಿ ಕೆಳಗಿದೆ, ನ್ಯೂಗಿನಿ ಹತ್ತಿರ ಎಂಬತ್ತು ಮೀಟರ್‌ಗೂ ಜಾಸ್ತಿ ಮೇಲಿದೆ. ಹಾಗಾಗಿ ನಿಮ್ಮ ಕೈಯಲ್ಲಿ ಮೂರು ಸೊನ್ನೆಗಳಿವೆ. ಯಾವ ಕಡತ ಯಾವ ಸೊನ್ನೆಯಿಂದ ಅಂತ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ, ಆಮೇಲೆ ಎಲ್ಲವನ್ನೂ ಒಂದಕ್ಕೆ ತನ್ನಿ. ಸೋನಾರ್ ನೀರಿನೊಳಗೆ ಎಷ್ಟು ಕೆಳಗೆ ಕೂತಿತ್ತು ಅನ್ನುವುದನ್ನು ಸೇರಿಸಿದ್ದೀರಾ ಅಂತಲೂ ನೋಡಿ.

ಅದು ಸರಿಹೋದ ಮೇಲೆ ಸಮುದ್ರವೇ ಒಂದು ಪರೀಕ್ಷೆ ಇಟ್ಟುಕೊಟ್ಟಿದೆ. ದೊಡ್ಡ ಇಳಿತದ ದಿನ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸು, ನೀರು ಪೂರ್ತಿ ಕೆಳಗಿದ್ದಾಗ ಬಯಲಾದ ಮರಳಿನ ಮೇಲೆ ಡ್ರೋನ್ ಹಾರಿಸಿ. ಒಣ ನೆಲ, ವಕ್ರೀಭವನದ ಕಾಟ ಇಲ್ಲ. ಅದೇ ದಿನ ಉಬ್ಬರ ತುಂಬಿದಾಗ ಅದೇ ಮರಳಿನ ಮೇಲೆ ಚಿಕ್ಕ ದೋಣಿಯಲ್ಲಿ ಸೋನಾರ್ ಹೊಡೆಯಿರಿ. ಒಂದೇ ಮರಳನ್ನು ಎರಡು ದಾರಿಯಲ್ಲಿ ಅಳೆದ ಹಾಗಾಯಿತು, ಅಲ್ವಾ? ಅಲ್ಲಿ ಎರಡೂ ಹತ್ತು ಸೆಂಟಿಮೀಟರ್ ಒಳಗೆ ಕೂಡಿದರೆ ಉಳಿದ ಜಾಗವನ್ನೂ ನಂಬಬಹುದು. ಕೂಡದಿದ್ದರೆ ತಪ್ಪು ಎಷ್ಟಿದೆ ಅಂತಾದರೂ ಗೊತ್ತಾಗುತ್ತದೆ. ಈ ಜೋಡಣೆಯ ಪಟ್ಟಿಗೆ ಸಮಯ ಸಾಕಾಗಲಿಲ್ಲ ಅಂತ ಬಿಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ, ಬೇಕಾದರೆ ಬೇರೆ ಕಡೆ ನಾಲ್ಕು ಸಾಲು ಕಡಿಮೆ ಮಾಡಿ.

ನಮ್ಮ ದೋಣಿಯಲ್ಲಿ ಮೀನು ಹುಡುಕುವ ಸೋನಾರ್ ಇದೆ. ಅದರಿಂದ ನಕ್ಷೆ ಆಗುತ್ತದಾ? (ಮೀನುಗಾರರೊಬ್ಬರು)

ಖಂಡಿತ ಆಗುತ್ತದೆ. ಅದರಲ್ಲಿ ಜಿಪಿಎಸ್ ಇದ್ದು, ಆಳವನ್ನು ಮೆಮೊರಿ ಕಾರ್ಡ್‌ಗೆ ಬರೆದಿಡುವ ಸೌಲಭ್ಯ ಇದ್ದರೆ ನೀವು ದಿನಾ ಹೋಗಿಬರುವ ದಾರಿಯೇ ಅಳತೆಯ ಸಾಲು. ಉಪಕರಣ ನೀರಿನಡಿ ಎಷ್ಟು ಸೆಂಟಿಮೀಟರ್ ಕೆಳಗಿದೆ ಅಂತ ಅಳೆದು ಬರೆದಿಡಿ, ದಿನಾಂಕ ಮತ್ತು ಗಂಟೆ ಸರಿ ಇರಲಿ. ಗಂಟೆ ಸರಿ ಇದ್ದರೆ ಆವತ್ತಿನ ಉಬ್ಬರ ಇಳಿತವನ್ನು ಆಮೇಲೆ ಕಳೆಯಬಹುದು. ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆ ಹೀಗೆ ಸಾಮಾನ್ಯ ದೋಣಿಗಳಿಂದ ಬಂದ ಆಳದ ಅಳತೆಗಳನ್ನೂ ತನ್ನ ಭಂಡಾರಕ್ಕೆ ಸೇರಿಸಿಕೊಳ್ಳುತ್ತದೆ.

ತಳದಲ್ಲಿ ಬಂಡೆಯೋ ಕೆಸರೋ ಅಂತಲೂ ನೀವು ಕೇಳಿದ್ದಿರಿ. ಬಂಡೆಯಿಂದ ಮಾರ್ದನಿ ಗಟ್ಟಿಯಾಗಿ ಬರುತ್ತದೆ, ಕೆಸರಿನಿಂದ ಮೆತ್ತಗೆ. ನಿಮ್ಮ ಪರದೆಯಲ್ಲಿ ತಳದ ಗೆರೆ ಗಾಢವಾಗಿದೆಯೋ ಮಸುಕಾಗಿದೆಯೋ ನೋಡಿ. ಹಿಂದಿನ ನಾವಿಕರು ಆಳ ನೋಡುವ ಸೀಸದ ಗುಂಡಿನ ಬುಡದ ಕುಳಿಗೆ ಕೊಬ್ಬು ಮೆತ್ತಿ ಇಳಿಸುತ್ತಿದ್ದರು, ಅದಕ್ಕೆ ಮರಳು ಅಂಟಿ ಬಂತೋ ಚಿಪ್ಪು ಅಂಟಿ ಬಂತೋ ನೋಡಿ ಎಲ್ಲಿದ್ದೇವೆ ಅಂತ ಗುರುತಿಸುತ್ತಿದ್ದರು. ಈಗಲೂ ಮಾರ್ದನಿಯನ್ನು ಸುಮ್ನೆ ನಂಬುವುದಿಲ್ಲ, ಅಲ್ಲಲ್ಲಿ ಮಣ್ಣು ಎತ್ತಿ ನೋಡಿ ಖಚಿತ ಮಾಡಿಕೊಳ್ಳುತ್ತಾರೆ.

ಸೋನಾರ್‌ನಿಂದ ಡಾಲ್ಫಿನ್, ತಿಮಿಂಗಿಲಗಳಿಗೆ ತೊಂದರೆ ಆಗುವುದಿಲ್ಲವೇ?

ಆಗುತ್ತದೆಯೋ ಇಲ್ಲವೋ ಅನ್ನುವುದು ಯಾವ ಸೋನಾರ್ ಅನ್ನುವುದರ ಮೇಲಿದೆ. ದಡದ ಹತ್ತಿರ ಬಳಸುವ ಮಲ್ಟಿಬೀಮ್‌ನ ಶಬ್ದ ಸಾಮಾನ್ಯವಾಗಿ 200ರಿಂದ 400 ಕಿಲೋಹರ್ಟ್ಜ್ (ಈ ಅಂಕಿ ಹೆಚ್ಚಿದಷ್ಟೂ ಶಬ್ದ ತೀಕ್ಷ್ಣ). ಡಾಲ್ಫಿನ್‌ಗಳು ಕೇಳುವುದು ಸುಮಾರು 150 ಕಿಲೋಹರ್ಟ್ಜ್‌ವರೆಗೆ. ಮಲ್ಟಿಬೀಮ್‌ನ ಅಷ್ಟು ತೀಕ್ಷ್ಣ ಶಬ್ದ ನೀರಲ್ಲಿ ಕೆಲವು ನೂರು ಮೀಟರ್‌ಗಳಲ್ಲೇ ಸತ್ತುಹೋಗುತ್ತದೆ. ಆದರೆ ಆಳ ಸಮುದ್ರಕ್ಕೆ 12 ಕಿಲೋಹರ್ಟ್ಜ್ ಬಳಸುತ್ತಾರೆ, ಅದು ಅವುಗಳಿಗೆ ಚೆನ್ನಾಗಿ ಕೇಳುತ್ತದೆ, ಬಹಳ ದೂರ ಹೋಗುತ್ತದೆ. 2008ರಲ್ಲಿ ಮಡಗಾಸ್ಕರ್‌ನ ವಾಯವ್ಯ ಕರಾವಳಿಯಲ್ಲಿ ಆಳ ಸಮುದ್ರದ ಚಿಕ್ಕ ಜಾತಿಯ ತಿಮಿಂಗಿಲಗಳು ನೂರರಷ್ಟು ಒಂದು ಹಿನ್ನೀರಿಗೆ ನುಗ್ಗಿ ಸಿಕ್ಕಿಹಾಕಿಕೊಂಡವು, ಬಹಳಷ್ಟು ಸತ್ತವು. 2013ರಲ್ಲಿ ಸ್ವತಂತ್ರ ವಿಜ್ಞಾನಿಗಳ ಸಮಿತಿ, ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ 12 ಕಿಲೋಹರ್ಟ್ಜ್‌ನ ಮಲ್ಟಿಬೀಮ್ ಇದಕ್ಕೆ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು ಅಂತ ಹೇಳಿತು. ನಕ್ಷೆ ಮಾಡುವ ನಾವೆಲ್ಲ ಇದನ್ನು ಓದಿಕೊಂಡಿರಬೇಕು. ಬೇಕಾದಷ್ಟೇ ಶಕ್ತಿ ಬಳಸುವುದು, ನಿಧಾನವಾಗಿ ಶಬ್ದ ಏರಿಸುವುದು, ಪ್ರಾಣಿ ಕಂಡರೆ ನಿಲ್ಲಿಸುವುದು ಇವೆಲ್ಲ ನಮ್ಮ ಕೈಯಲ್ಲೇ ಇವೆ.

ನನ್ನ ಮಗಳಿಗೆ ಈ ಕೆಲಸಕ್ಕೆ ಸೇರುವ ಆಸೆ. ಸಮುದ್ರದ ಕೆಲಸ ಹೆಣ್ಣುಮಕ್ಕಳಿಗೆ ಆಗುತ್ತದಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. (ತಾಯಿಯೊಬ್ಬರು)

ಅಮ್ಮಾ, ಕೇಳುವವರಿಗೆ ಮೇರಿ ಥಾರ್ಪ್ ಹೆಸರು ಹೇಳಿ. 1950ರ ದಶಕದಲ್ಲಿ ಅಮೆರಿಕದ ಲ್ಯಾಮಾಂಟ್ ಪ್ರಯೋಗಾಲಯದಲ್ಲಿ ಇದ್ದವರು. ಹೆಂಗಸರನ್ನು ಅಳತೆಯ ಹಡಗಿಗೆ ಹತ್ತಿಸುತ್ತಲೇ ಇರಲಿಲ್ಲ. ಜೊತೆಗಾರ ಬ್ರೂಸ್ ಹೀಜನ್ ಹಡಗಿನಿಂದ ತಂದುಕೊಟ್ಟ ಆಳದ ಅಂಕಿಗಳನ್ನು ಆಕೆ ಮೇಜಿನ ಮೇಲೆ ಒಂದೊಂದಾಗಿ ಗುರುತು ಹಾಕಿ ಅಟ್ಲಾಂಟಿಕ್‌ನ ತಳ ಬರೆದರು. ನಡುಸಮುದ್ರದ ಪರ್ವತಸಾಲಿನ ನೆತ್ತಿಯ ಉದ್ದಕ್ಕೂ ಒಂದು ಸೀಳು ಕಣಿವೆ ಕಂಡಿತು. ಭೂಮಿ ಅಲ್ಲಿ ಬಿರಿಯುತ್ತಿದೆ ಅನ್ನುವುದಕ್ಕೆ ಅದು ಗುರುತು. ಹೀಜನ್ ಮೊದಲು ಅದನ್ನು ಹುಡುಗಿಯರ ಹರಟೆ ಅಂತ ತಳ್ಳಿಹಾಕಿದರು. ಆಮೇಲೆ ಭೂಕಂಪಗಳಾದ ಜಾಗಗಳನ್ನು ಅದೇ ಅಳತೆಯಲ್ಲಿ ಗುರುತು ಹಾಕಿ ನೋಡಿದಾಗ ಎಲ್ಲ ಆ ಸೀಳಿನ ಮೇಲೇ ಬಿದ್ದವು. ಅವರ ಅಟ್ಲಾಂಟಿಕ್ ನಕ್ಷೆ 1957ರಲ್ಲಿ ಬಂತು, ಇಡೀ ಪ್ರಪಂಚದ ಸಮುದ್ರತಳದ ನಕ್ಷೆ 1977ರಲ್ಲಿ.

ಇವತ್ತು ಅಳತೆಯ ದೋಣಿಗಳಲ್ಲಿ, ಡ್ರೋನ್ ಹಾರಿಸುವ ಕಡೆ, ಅಂಕಿಅಂಶ ಶುದ್ಧ ಮಾಡುವ ಕಡೆ ಹೆಣ್ಣುಮಕ್ಕಳು ಇದ್ದಾರೆ. ಗಣಿತ ಗಟ್ಟಿ ಇರಲಿ, ಈಜು ಕಲಿಯಲಿ. ನಾನು ಕೆಲಸ ಕಲಿತದ್ದೂ ಒಬ್ಬ ಹಿರಿಯ ಮಹಿಳಾ ಸರ್ವೇಯರ್ ಹತ್ತಿರ.

ಕಾಲೇಜಿನ ನಾವು ಆರು ಜನ ಸೇರಿ ಒಂದು ಚಿಕ್ಕ ಕಡಲತೀರದ ನಕ್ಷೆ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು? ಒಂದು ಸಲ ಮಾಡಿದರೆ ಎಷ್ಟು ವರ್ಷ ನಡೆಯುತ್ತದೆ?

ಎರಡನೆಯದಕ್ಕೆ ಮೊದಲು ಉತ್ತರ. ಬಂಡೆಯ ತಳವಾದರೆ ದಶಕಗಳ ಕಾಲ. ಮರಳಾದರೆ ಮುಂದಿನ ಚಂಡಮಾರುತದವರೆಗೆ. ಒಂದು ಜೋರು ಬಿರುಗಾಳಿ ಒಂದೇ ರಾತ್ರಿಯಲ್ಲಿ ಮರಳು ದಿಬ್ಬವನ್ನು ಹತ್ತಾರು ಮೀಟರ್ ಆಚೆಗೆ ತಳ್ಳಬಲ್ಲದು. ಹಾಗಾಗಿ ನಕ್ಷೆಯ ಮೇಲೆ ನಿಮ್ಮ ಹೆಸರು ಬರೆಯುವ ಮೊದಲು ಅಳೆದ ದಿನಾಂಕ ಬರೆಯಿರಿ, ದೊಡ್ಡ ಅಕ್ಷರದಲ್ಲಿ.

ಶುರು ಮಾಡುವುದು ಒಂದು ಕೋಲಿನಿಂದ. ನಿಜವಾಗಿ ಹೇಳುತ್ತಿದ್ದೇನೆ. ಇಳಿತದ ಹೊತ್ತಲ್ಲಿ, ಅಲೆ ಶಾಂತವಾಗಿದ್ದಾಗ, ಅಳತೆ ಗುರುತು ಹಾಕಿದ ಕೋಲು ಮತ್ತು ಒಳ್ಳೆಯ ಜಿಪಿಎಸ್ ಹಿಡಿದು ದಡದಿಂದ ಸೊಂಟದ ನೀರಿನವರೆಗೆ ನೇರ ಸಾಲಿನಲ್ಲಿ ನಡೆಯಿರಿ, ನಾಲ್ಕು ಹೆಜ್ಜೆಗೊಮ್ಮೆ ಆಳ ಬರೆದುಕೊಳ್ಳಿ. ಒಬ್ಬರೇ ಇಳಿಯಬೇಡಿ, ಲೈಫ್ ಜಾಕೆಟ್ ಹಾಕಿಕೊಳ್ಳಿ, ದಡದಲ್ಲಿ ಇಬ್ಬರು ನಿಂತಿರಲಿ. ಇಪ್ಪತ್ತು ಸಾಲು ನಡೆದರೆ ಆ ತೀರದ ರೂಪ ನಿಮ್ಮ ಕಾಲಿಗೆ ಗೊತ್ತಾಗಿರುತ್ತದೆ. ಆಮೇಲೆ ಡ್ರೋನ್ ಹಾರಿಸಿ, ಬಾಡಿಗೆ ದೋಣಿಯಲ್ಲಿ ಸೋನಾರ್ ಹೊಡೆಯಿರಿ. ಪರದೆಯ ಮೇಲೆ ಬಂದ ಅಂಕಿ ನಿಮ್ಮ ಕೋಲಿನ ಅಂಕಿಗೆ ಕೂಡದಿದ್ದರೆ ಕೋಲನ್ನು ನಂಬಿ, ತಪ್ಪು ಬೇರೆ ಕಡೆ ಹುಡುಕಿ. ದಡದಲ್ಲಿ ಅಲುಗಾಡದ ಒಂದು ಬಂಡೆಗೋ ಸಿಮೆಂಟ್ ಕಂಬಕ್ಕೋ ಬಣ್ಣದಲ್ಲಿ ಗುರುತು ಹಾಕಿ ಅದರ ಎತ್ತರ ಬರೆದಿಡಿ. ಮುಂದಿನ ಮಳೆಗಾಲ ಕಳೆದ ಮೇಲೆ ನೀವು ಮತ್ತೆ ಬಂದಾಗ ಎಲ್ಲ ಅಳತೆಯನ್ನೂ ಆ ಗುರುತಿನಿಂದಲೇ ಶುರು ಮಾಡಬೇಕು.